ಥುನ್‌ಬೆರ್ಗನ ಒಂಬತ್ತು ವರ್ಷಗಳು

ಕಳೆದ ಬೇಸಿಗೆಯ ರಜೆಯಲ್ಲಿ ಗೆಳೆಯನೊಬ್ಬನ ಊರಿಗೆ ಹೋಗಿದ್ದೆ. ಘಟ್ಟದ ಸೆರಗಿನಲ್ಲಿರುವ ಊರು. ಅವರ ಮನೆಯ ಅಂಗಳದ ಚಪ್ಪರಕ್ಕೆ ಒಂದು ಬಳ್ಳಿ ಹಬ್ಬಿತ್ತು. ಮೊಳದುದ್ದದ ಹೂಗೊಂಚಲುಗಳು ತೋರಣ ಕಟ್ಟಿದಂತೆ ಇಳಿಬಿದ್ದಿದ್ದವು. ಹೂವು ಹಳದಿ, ಅಂಚಿಗೆ ಕೆಂಪು ಬೆರೆತ ಕಂದು ಬಣ್ಣ. ಸೂರಕ್ಕಿಗಳು ಬಂದು ಬಂದು ಹೋಗುತ್ತಿದ್ದವು. ಗೆಳೆಯನ ಅಣ್ಣ ಬಿ.ಎಸ್‌ಸಿ. ಓದಿದವರು. ಇದರ ಹೆಸರು ‘ಥನ್‌ಬರ್ಜಿಯಾ ಮೈಸೊರೆನ್ಸಿಸ್’ ಎಂದರು. ನಮ್ಮ ಪಶ್ಚಿಮ ಘಟ್ಟದ ಕಾಡಿನದೇ ಬಳ್ಳಿಯೆಂದೂ, ಈಗ ಹೊರದೇಶಗಳ ಗಾಜಿನ ಮನೆಗಳಲ್ಲಿಯೂ ಇದನ್ನು ಬೆಳೆಸುತ್ತಾರೆಂದೂ ಹೇಳಿದರು. ‘ಮೈಸೊರೆನ್ಸಿಸ್’ ಎಂದರೆ ಮೈಸೂರಿನದು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. “ಆ ಮೊದಲನೆಯ ಹೆಸರಿನವನು ಯಾರಣ್ಣ? ಮೈಸೂರಿಗೆ ಬಂದಿದ್ದನೆ?” ಎಂದು ಕೇಳಿದೆ. “ಸ್ವೀಡನ್ ದೇಶದವನಂತೆ ಕಣಯ್ಯ. ಚರಿತ್ರೆ ಓದುವವನು ನೀನು, ನೀನೇ ಹುಡುಕು” ಎಂದುಬಿಟ್ಟರು.

ಹುಡುಕಿದೆ. ಅವನು ಮೈಸೂರಿಗೆ ಬಂದವನಲ್ಲ. ನಮಗೆ ಅತ್ಯಂತ ಸಮೀಪವೆಂದರೆ ಸಿಂಹಳದವರೆಗೆ ಬಂದಿದ್ದ. ಆದರೆ ಅವನ ಕತೆ ಮಾತ್ರ ನನ್ನನ್ನು ಬಿಡಲಿಲ್ಲ. ದೇಶ ಸುತ್ತಿದ ಮಹನೀಯರ ಚರಿತ್ರೆಗಳನ್ನು ನಾವು ಪಠ್ಯಪುಸ್ತಕಗಳಲ್ಲಿ ಓದುತ್ತಲೇ ಬಂದಿದ್ದೇವೆ. ಅವರಿಗೆ ಊಟಕ್ಕೆ ಯಾರು ಕೊಟ್ಟರು, ಸಂಬಳ ಎಷ್ಟು ಎಂಬುದನ್ನು ಆ ಪುಸ್ತಕಗಳು ಹೇಳುವುದಿಲ್ಲ. ಕಾರ್ಲ್ ಪೀಟರ್ ಥುನ್‌ಬೆರ್ಗನ ಕತೆಯಲ್ಲಿ ಅದೇ ಮುಖ್ಯ. ಅವನು ಸುತ್ತಾಡಲು ಹೊರಟ ಶ್ರೀಮಂತನಲ್ಲ, ಪರದೇಶದ ಕಂಪನಿಯೊಂದರ ನೌಕರ.

ಅವನು ಹುಟ್ಟಿದ್ದು ೧೭೪೩ರಲ್ಲಿ, ಯೋನ್‌ಶಾಪಿಂಗ್ ಎಂಬ ಊರಿನಲ್ಲಿ. ಬಾಲ್ಯದಲ್ಲಿಯೇ ತಂದೆ ತೀರಿಕೊಂಡರು. ೧೭೬೧ರಲ್ಲಿ ಉಪ್ಸಾಲಾ ವಿಶ್ವವಿದ್ಯಾನಿಲಯಕ್ಕೆ ಸೇರಿ ವೈದ್ಯ ಓದಿದ. ಅಲ್ಲಿ ಅವನಿಗೆ ಗುರುವಾಗಿ ದೊರೆತವನು ಲಿನೇಯಸ್. ಜಗತ್ತಿನ ಸಸ್ಯಗಳಿಗೂ ಪ್ರಾಣಿಗಳಿಗೂ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದವನು ಈತನೇ. ಲಿನೇಯಸ್ ತಾನು ಉಪ್ಸಾಲಾದಲ್ಲಿ ಕುಳಿತು ಶಿಷ್ಯರನ್ನು ದಿಕ್ಕು ದಿಕ್ಕಿಗೆ ಕಳುಹಿಸುತ್ತಿದ್ದ. ಹೋದವರೆಲ್ಲ ಮರಳಿ ಬರಲಿಲ್ಲ. ಟೆರ್ನ್‌ಸ್ಟ್ರೋಮ್ ಎಂಬವನು ಚೀನಾದ ದಾರಿಯಲ್ಲಿ ೧೭೪೬ರಲ್ಲಿ ಸತ್ತ. ಹಾಸೆಲ್‌ಕ್ವಿಸ್ಟ್ ೧೭೫೨ರಲ್ಲಿ ಸ್ಮಿರ್ನಾದ ಬಳಿ. ಲೋಫ್ಲಿಂಗ್ ೧೭೫೬ರಲ್ಲಿ ವೆನೆಜುವೆಲಾದಲ್ಲಿ. ಫೋರ್ಸ್‌ಕೋಲ್ ೧೭೬೩ರಲ್ಲಿ ಯೆಮೆನ್ನಿನಲ್ಲಿ. ಟೆರ್ನ್‌ಸ್ಟ್ರೋಮನ ಹೆಂಡತಿ, ತನ್ನ ಮಕ್ಕಳನ್ನು ತಬ್ಬಲಿ ಮಾಡಿದಿರೆಂದು ಗುರುವನ್ನೇ ನಿಂದಿಸಿದಳಂತೆ. ಅಲ್ಲಿಂದ ಮುಂದೆ ಲಿನೇಯಸ್ ಮದುವೆಯಾಗದ ಹುಡುಗರನ್ನೇ ಆರಿಸಿ ಕಳುಹಿಸಿದನೆಂದು ಹೇಳುತ್ತಾರೆ. ತಾಯಂದಿರ ವಿಷಯ ಯೋಚಿಸಿದನೋ ಇಲ್ಲವೋ ತಿಳಿಯದು.

೧೭೭೦ರಲ್ಲಿ ಒಂದು ಪ್ರವಾಸ ವಿದ್ಯಾರ್ಥಿವೇತನ ದೊರೆತು ಥುನ್‌ಬೆರ್ಗ್ ಪ್ಯಾರಿಸ್ಸಿಗೆ ಹೊರಟ. ದಾರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಬರ್ಮನ್ ಎಂಬ ಸಸ್ಯಶಾಸ್ತ್ರಜ್ಞನ ಮನೆಯ ಪರಿಚಯವಾಯಿತು. ಅಲ್ಲಿಯ ಧನಿಕರಿಗೆ ತೋಟಗಳ ಹುಚ್ಚು. ಜಪಾನಿನ ಗಿಡಗಳು ಬೇಕೆಂಬ ಆಸೆ. ಆದರೆ ಆ ಕಾಲದ ಜಪಾನ್ ಬಾಗಿಲು ಹಾಕಿಕೊಂಡ ದೇಶ. ಯೂರೋಪಿನವರಲ್ಲಿ ಡಚ್ಚರಿಗೆ ಮಾತ್ರ, ಅದೂ ನಾಗಸಾಕಿ ಬಂದರಿನ ಒಂದು ಚಿಕ್ಕ ದ್ವೀಪಕ್ಕೆ ಮಾತ್ರ, ಪ್ರವೇಶವಿತ್ತು. ಸ್ವೀಡಿಷರವನು ಅಲ್ಲಿಗೆ ಹೋಗಬೇಕಾದರೆ ಡಚ್ಚನಾಗಬೇಕು. ಸರಿ, ಡಚ್ಚನಾಗುವುದೆಂದೇ ಥುನ್‌ಬೆರ್ಗ್ ನಿಶ್ಚಯಿಸಿದ. ಡಚ್ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಹಡಗಿನ ವೈದ್ಯನ ಕೆಲಸ ಹಿಡಿದ. ಭಾಷೆ ಕಲಿಯುವುದಕ್ಕಾಗಿ ಮೊದಲು ಆಫ್ರಿಕದ ದಕ್ಷಿಣ ತುದಿಯಲ್ಲಿದ್ದ ಡಚ್ಚರ ಕೇಪ್ ವಸಾಹತಿಗೆ ಹೊರಟ. ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿ ಓದಿ, ಪಟ್ಟಣದ ಕಾಲೇಜಿನಲ್ಲಿ ಇಂಗ್ಲಿಷಿನ ಮುಂದೆ ಬಾಯಿ ಕಟ್ಟಿ ಕುಳಿತ ನನ್ನಂತಹವರಿಗೆ ಇದರ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮಗೆ ಭಾಷೆ ಬದಲಾಯಿಸಿದರೆ ಸಾಕು. ಅವನು ದೇಶವನ್ನೇ ಬದಲಾಯಿಸಿ ಹೇಳಬೇಕಾಗಿತ್ತು.

೧೭೭೧ರ ಡಿಸೆಂಬರಿನಲ್ಲಿ ಹಡಗು ಬಿಟ್ಟಿತು. ಕಂಪನಿಗೆ ಆಳುಗಳನ್ನು ಒದಗಿಸುವ ದಲ್ಲಾಳಿಗಳು ಆಮ್‌ಸ್ಟರ್‌ಡ್ಯಾಮಿನಲ್ಲಿದ್ದರು. ಕೈಯಲ್ಲಿ ಕಾಸಿಲ್ಲದ ಹುಡುಗರಿಗೆ ಊಟ ವಸತಿ ಕೊಟ್ಟು ಸಾಲದಲ್ಲಿ ಸಿಕ್ಕಿಸಿ ಹಡಗಿಗೆ ಹತ್ತಿಸುವವರು. ಜನ ಇವರನ್ನು ‘ಜೀವ ಮಾರುವವರು’ ಎಂದೇ ಕರೆಯುತ್ತಿದ್ದರು. ಇವರ ವಿಷಯವನ್ನು ಥುನ್‌ಬೆರ್ಗ್ ತನ್ನ ಪ್ರವಾಸದ ಪುಸ್ತಕದಲ್ಲಿ ಕೋಪದಿಂದಲೇ ಬರೆದಿದ್ದಾನೆ. ವೈದ್ಯನಾದ್ದರಿಂದ ಅಂತಹವರ ಕಾಯಿಲೆಗಳನ್ನು ನೋಡಬೇಕಾದವನು ಅವನೇ ತಾನೆ! ಹಡಗಿನಲ್ಲಿ ಅವನ ಪ್ರಾಣಕ್ಕೇ ಒಮ್ಮೆ ಸಂಚಕಾರ ಬಂತು. ದೋಸೆಯಂತಹ ತಿಂಡಿ ಮಾಡುವಾಗ ಬಣ್ಣಕ್ಕೆಂದು ಇಟ್ಟಿದ್ದ ಸೀಸದ ಬಿಳಿ ಪುಡಿ ಹಿಟ್ಟಿನಲ್ಲಿ ಸೇರಿಹೋಗಿತ್ತು. ತಿಂದವರೆಲ್ಲ ಹಾಸಿಗೆ ಹಿಡಿದರು, ವೈದ್ಯನೂ ಸಹ. ತನ್ನ ಮೈಯಲ್ಲಿ ವಿಷ ಏರಿದ ಬಗೆಯನ್ನು ಅವನು ರೋಗಿಯೊಬ್ಬನ ವರದಿಯಂತೆ ವಿವರವಾಗಿ ಬರೆದಿಟ್ಟಿದ್ದಾನೆ.

೧೭೭೨ರ ಏಪ್ರಿಲ್‌ನಲ್ಲಿ ಕೇಪ್ ತಲುಪಿದಾಗ ಇನ್ನೊಂದು ಆಘಾತ. ಯಾವ ಗವರ್ನರನ ನೆರವನ್ನು ನಂಬಿ ಬಂದಿದ್ದನೋ ಆ ಟುಲ್ಬಾಖ್ ಹಿಂದಿನ ವರ್ಷವೇ ಸತ್ತಿದ್ದ. ಶಿಫಾರಸು ಪತ್ರ ಹಿಡಿದು ಹೋದಾಗ ಆ ಅಧಿಕಾರಿಯೇ ಇಲ್ಲವೆಂದರೆ ಹೇಗಿರುತ್ತದೆ! ಆದರೂ ಮೂರು ವರ್ಷ ಅಲ್ಲಿ ನಿಂತ. ಒಳನಾಡಿಗೆ ಮೂರು ದೀರ್ಘ ಪ್ರಯಾಣ ಮಾಡಿದ. ಎತ್ತಿನ ಗಾಡಿ, ಗಿಡ ಒಣಗಿಸುವ ಕಾಗದದ ಕಟ್ಟುಗಳು, ಔಷಧದ ಪೆಟ್ಟಿಗೆ: ಇಷ್ಟೇ ಸಂಸಾರ. ಮೊದಲನೆಯ ಪ್ರಯಾಣದಲ್ಲಿ ಕಾಡೆಮ್ಮೆಯೊಂದು ಎರಗಿ ಜೊತೆಯವರ ಎರಡು ಕುದುರೆಗಳನ್ನು ತಿವಿದು ಕೊಂದಿತು. ಜೊತೆಯವರು ಮರ ಹತ್ತಿ ಬದುಕಿಕೊಂಡರು. ಮುಂದಿನ ಪ್ರಯಾಣಗಳಿಗೆ ಮ್ಯಾಸನ್ ಎಂಬ ಸ್ಕಾಟ್ಲೆಂಡಿನ ತೋಟಗಾರ ಸಂಗಾತಿಯಾದ. ಮೂರು ವರ್ಷಗಳಲ್ಲಿ ಕೂಡಿಸಿದ ಸಸ್ಯಜಾತಿಗಳು ಸುಮಾರು ಮೂರು ಸಾವಿರ. ಇದಕ್ಕಾಗಿ ಅವನನ್ನು ದಕ್ಷಿಣ ಆಫ್ರಿಕದ ಸಸ್ಯಶಾಸ್ತ್ರದ ಪಿತಾಮಹನೆಂದು ಕರೆಯುತ್ತಾರೆ. ನನಗೆ ಇಲ್ಲಿ ಒಂದು ಮಾತು ಹೇಳಬೇಕೆನಿಸುತ್ತದೆ. ಆ ಗಾಡಿಗಳನ್ನು ಹೊಡೆದವರು, ನೀರಿನ ಜಾಡು ತೋರಿದವರು ಅಲ್ಲಿಯ ಖೊಯ್‌ಖೊಯ್ ಜನ. ಅವರ ನೆಲವೇ ಅವರ ಕೈತಪ್ಪುತ್ತಿದ್ದ ಕಾಲವದು. ಗಿಡದ ಗುಣ ಬಲ್ಲವರೂ ಅವರೇ. ಅವರಲ್ಲೊಬ್ಬನ ಹೆಸರೂ ಯಾವ ಹೂವಿಗೂ ಬಿದ್ದುದನ್ನು ನಾನು ಕಾಣೆ.

೧೭೭೫ರ ಮಾರ್ಚಿಯಲ್ಲಿ ಬಟಾವಿಯಾಕ್ಕೆ, ಎಂದರೆ ಇಂದಿನ ಜಕಾರ್ತಾಕ್ಕೆ ಹೊರಟು, ಅಲ್ಲಿಂದ ಆಗಸ್ಟಿನಲ್ಲಿ ನಾಗಸಾಕಿ ತಲುಪಿದ. ಇಷ್ಟು ಹೊತ್ತಿಗೆ ಅವನು ನುಡಿಯಲ್ಲಿ ಪಕ್ಕಾ ಡಚ್ಚನಾಗಿದ್ದ.

ಡೆಜಿಮಾ ಎಂಬುದು ಬೀಸಣಿಗೆಯ ಆಕಾರದ ಕೃತಕ ದ್ವೀಪ. ಉದ್ದ ಸುಮಾರು ೧೨೦ ಮೀಟರ್, ಅಗಲ ೭೫ ಮೀಟರ್. ನಮ್ಮ ಕಾಲೇಜಿನ ಆಟದ ಬಯಲೇ ಅದಕ್ಕಿಂತ ದೊಡ್ಡದಿದ್ದೀತು. ಊರಿಗೂ ಅದಕ್ಕೂ ನಡುವೆ ಒಂದೇ ಸೇತುವೆ, ಸೇತುವೆಗೆ ಕಾವಲು. ಹಡಗಿನಿಂದ ಇಳಿದವರ ಜೇಬು ಮಾತ್ರವಲ್ಲ, ತಿನ್ನುವ ಪದಾರ್ಥಗಳನ್ನೂ ಶೋಧಿಸುತ್ತಿದ್ದರು. ಬೆಣ್ಣೆಯ ಪೀಪಾಯಿಗೆ ಕಬ್ಬಿಣದ ತಂತಿ ಚುಚ್ಚಿ ನೋಡುವರು, ಗಿಣ್ಣಿನ ಗಟ್ಟಿಯನ್ನು ಕೊರೆದು ನೋಡುವರು, ಮೊಟ್ಟೆಗಳನ್ನೂ ಒಡೆದು ನೋಡುವರು. ಇದಕ್ಕೆ ಕಾರಣವಿಲ್ಲದೆ ಇರಲಿಲ್ಲ. ಅಲ್ಲಿಯವರೆಗೆ ಹಡಗಿನ ಕಪ್ತಾನನನ್ನು ಮುಟ್ಟಿ ಶೋಧಿಸುವ ಪದ್ಧತಿ ಇರಲಿಲ್ಲವಾದ್ದರಿಂದ ಅವನು ಮಹಾ ದೊಡ್ಡದೊಂದು ರೇಷ್ಮೆಯ ನಿಲುವಂಗಿ ತೊಡುತ್ತಿದ್ದ. ಅದರೊಳಗೆ ಕದ್ದು ತಂದ ಸರಕು ತುಂಬಿಕೊಂಡು, ಭಾರಕ್ಕೆ ನಡೆಯಲಾರದೆ, ಇಬ್ಬರು ನಾವಿಕರ ಹೆಗಲ ಮೇಲೆ ಕೈಹಾಕಿ ದಡ ಹತ್ತುತ್ತಿದ್ದನಂತೆ! ಥುನ್‌ಬೆರ್ಗ್ ಹೋದ ವರ್ಷವೇ ಈ ನಿಲುವಂಗಿಗೆ ನಿಷೇಧ ಬಂತು. ಕಪ್ತಾನರೆಲ್ಲ ಇಷ್ಟು ಸಣಕಲರೆಂದು ಜಪಾನೀಯರು ಅಂದು ಮೊದಲ ಬಾರಿಗೆ ಕಂಡು ಬೆರಗಾದರು.

ಗಿಡ ಹುಡುಕಲು ಬಂದವನಿಗೆ ದ್ವೀಪದಾಚೆ ಕಾಲಿಡುವಂತಿಲ್ಲ. ಏನು ಮಾಡುವುದು? ದ್ವೀಪದಲ್ಲಿ ಡಚ್ಚರು ದನ, ಆಡುಗಳನ್ನು ಸಾಕಿದ್ದರು. ಅವುಗಳಿಗೆ ಊರ ಕಡೆಯಿಂದ ಹಸಿ ಮೇವಿನ ಹೊರೆ ಬರುತ್ತಿತ್ತು. ಥುನ್‌ಬೆರ್ಗ್ ಆ ಹೊರೆಗಳನ್ನು ಬಿಚ್ಚಿ, ಎಳೆ ಎಳೆಯಾಗಿ ಕೆದಕಿ, ಹೊಸದಾಗಿ ಕಂಡುದನ್ನೆಲ್ಲ ಎತ್ತಿಟ್ಟುಕೊಂಡು ಒಣಗಿಸತೊಡಗಿದ. ಇದನ್ನು ಓದಿದಾಗ ನನಗೆ ನಗುವೂ ಬಂತು, ಒಂದು ಬಗೆಯ ಗೌರವವೂ ಹುಟ್ಟಿತು. ಹುಲ್ಲಿನ ಹೊರೆ ಹೊತ್ತು ಬೆಳೆದವನು ನಾನು. ಅದರೊಳಗೆ ಎಷ್ಟು ಬಗೆಯ ಸೊಪ್ಪಿರುತ್ತದೆಂದು ಒಂದು ದಿನವೂ ಎಣಿಸಿದವನಲ್ಲ.

ಅವನ ಇನ್ನೊಂದು ಉಪಾಯ ವೈದ್ಯವಿದ್ಯೆ. ಡೆಜಿಮಾಕ್ಕೆ ಬರುತ್ತಿದ್ದ ಜಪಾನೀ ದುಭಾಷಿಗಳು ಡಚ್ ಭಾಷೆ ಬಲ್ಲವರು. ಅವರಲ್ಲಿ ಕೆಲವರು ವೈದ್ಯರು ಕೂಡ. ಫರಂಗಿ ರೋಗಕ್ಕೆ ಪಾದರಸದ ದ್ರಾವಣವನ್ನು ಎಷ್ಟು ಪ್ರಮಾಣದಲ್ಲಿ ಕೊಡಬೇಕೆಂಬುದನ್ನು ಅವರಿಗೆ ಹೇಳಿಕೊಟ್ಟ. ಅಂದಿಗೆ ಅದು ದೊಡ್ಡ ವಿದ್ಯೆ. (ಪಾದರಸವೇ ವಿಷವೆಂಬುದು ನಮಗೆ ಈಗ ಗೊತ್ತು.) ಪ್ರತಿಯಾಗಿ ಅವರು ಗಿಡಗಳನ್ನೂ ಅವುಗಳ ಜಪಾನೀ ಹೆಸರುಗಳನ್ನೂ ತಂದುಕೊಟ್ಟರು. ೧೭೭೬ರ ಆದಿಯಲ್ಲಿ ನಾಗಸಾಕಿಯ ಸುತ್ತಲಿನ ಗುಡ್ಡಗಳಲ್ಲಿ ಗಿಡ ಹುಡುಕಲು ಅನುಮತಿಯೂ ದೊರೆಯಿತು. ಆದರೆ ದುಭಾಷಿಗಳು, ಕಾವಲಿನವರು, ಅವರ ಆಳುಗಳು ಎಲ್ಲರೂ ಹಿಂದೆಯೇ. ಗುಡ್ಡ ಹತ್ತಿ ದಣಿದ ಆ ಪರಿವಾರಕ್ಕೆಲ್ಲ ಊಟ ಉಪಚಾರದ ಖರ್ಚು ವೈದ್ಯನ ಜೇಬಿನದು. ಸರಕಾರಿ ಅನುಮತಿಯೊಂದಕ್ಕಾಗಿ ಅಲೆದವರಿಗೆ ಇದು ಪರಿಚಿತವಾದ ಸಂಗತಿಯೇ.

ಅದೇ ವರ್ಷದ ಮಾರ್ಚಿಯಲ್ಲಿ ಡಚ್ಚರ ಕಾಣಿಕೆಯ ಮೆರವಣಿಗೆ ಶೋಗನ್ನನ ರಾಜಧಾನಿಯಾದ ಎಡೋ ನಗರಕ್ಕೆ, ಎಂದರೆ ಇಂದಿನ ಟೋಕಿಯೋಕ್ಕೆ ಹೊರಟಿತು. ಯೂರೋಪಿನವರು ಮೂವರೇ: ಮುಖ್ಯಸ್ಥ, ಕಾರ್ಯದರ್ಶಿ, ವೈದ್ಯ. ಉಳಿದ ಪರಿವಾರ ಸುಮಾರು ಇನ್ನೂರು ಜನ. ಮೂವರಿಗೂ ಒಂದೊಂದು ಪಲ್ಲಕ್ಕಿ. ಹೊರಗಿನಿಂದ ನೋಡಿದರೆ ರಾಜವೈಭವ. ಒಳಗೆ ಕುಳಿತವನಿಗೆ ಸೆರೆ. ರಸ್ತೆಗಳ ಅಚ್ಚುಕಟ್ಟನ್ನು, ಹೋಗುವವರೂ ಬರುವವರೂ ತಮ್ಮ ತಮ್ಮ ಮಗ್ಗುಲು ಹಿಡಿದು ನಡೆಯುವ ಶಿಸ್ತನ್ನು ಅವನು ಬಾಯ್ತುಂಬ ಹೊಗಳಿದ್ದಾನೆ. ಹೊಲಗಳನ್ನು ನೋಡಿ ಮಾತ್ರ ನಿರಾಶನಾದ. ಜಪಾನಿನ ರೈತ ಕಳೆಯ ಒಂದು ಎಸಳನ್ನೂ ಬಿಟ್ಟಿರಲಿಲ್ಲ! ಹಾಕೊನೆ ಎಂಬ ಬೆಟ್ಟದ ಕಣಿವೆ ಬಂದಾಗ ಪಲ್ಲಕ್ಕಿಯಿಂದ ಇಳಿದು ನಡೆಯಲು ಅವಕಾಶವಾಯಿತು. ಇಳಿದವನೇ ಬೆಟ್ಟ ಏರತೊಡಗಿದ. ಕಾವಲಿನವರು ಏದುಸಿರು ಬಿಡುತ್ತ ಹಿಂದುಳಿದರು. ಅವರು ಬಂದು ಮುಟ್ಟುವಷ್ಟರಲ್ಲಿ ಕೈವಸ್ತ್ರದ ತುಂಬ ಗಿಡಗಳು.

ಎಡೋದಲ್ಲಿ ಶೋಗನ್ನನ ಸನ್ನಿಧಿಗೆ ಹೋಗಿ ಅಡ್ಡಬಿದ್ದವನು ಮುಖ್ಯಸ್ಥನೊಬ್ಬನೇ. ವೈದ್ಯ ಹೊರಗೆ ಕಾದುಕುಳಿತ. ಆದರೆ ಅವನ ಪಾಲಿನ ದೊಡ್ಡ ದರ್ಶನ ಬೇರೆಯೇ ಆಯಿತು. ನಕಾಗವ ಜುನ್‌ಆನ್, ಕತ್ಸುರಗವ ಹೋಷು ಎಂಬ ಇಬ್ಬರು ತರುಣ ವೈದ್ಯರು ಅವನನ್ನು ಹುಡುಕಿಕೊಂಡು ಬಂದರು. ಡಚ್ ಅಂಗರಚನಾಶಾಸ್ತ್ರದ ಗ್ರಂಥವೊಂದನ್ನು ೧೭೭೪ರಲ್ಲಿ ಜಪಾನೀ ವಿದ್ವಾಂಸರು ತಮ್ಮ ದೇಶಕ್ಕೆ ತಂದರಷ್ಟೆ, ಆ ಕೆಲಸದಲ್ಲಿ ಇವರಿಬ್ಬರೂ ಕೈಗೂಡಿಸಿದವರು. ದಿನದಿನವೂ ಬಂದು ರಾತ್ರಿಯವರೆಗೂ ಕೂತು ಪ್ರಶ್ನೆ ಕೇಳಿದರು. ಇಬ್ಬರ ತಾಯ್ನುಡಿಯೂ ಡಚ್ ಅಲ್ಲ, ಅವನದೂ ಅಲ್ಲ. ಮೂವರೂ ಕಲಿತು ತಂದ ಭಾಷೆಯಲ್ಲಿ ಮಾತನಾಡಿದರು. ಅಲ್ಲಿ ಅವನು ಡಚ್ಚನೋ ಸ್ವೀಡಿಷನೋ ಎಂಬ ಪ್ರಶ್ನೆಯೇ ಏಳಲಿಲ್ಲವೆಂದು ನನಗೆ ತೋರುತ್ತದೆ.

ಇನ್ನೂ ಒಂದು ವರ್ಷ ಇರೆಂದು ಮುಖ್ಯಸ್ಥ ಕೇಳಿಕೊಂಡರೂ ಅವನು ಒಪ್ಪಲಿಲ್ಲ. ೧೭೭೬ರ ಕೊನೆಗೆ ಜಪಾನ್ ಬಿಟ್ಟು, ಜಾವಾ, ಸಿಂಹಳ, ಕೇಪ್, ಆಮ್‌ಸ್ಟರ್‌ಡ್ಯಾಮ್, ಲಂಡನ್ ದಾಟಿ, ೧೭೭೯ರಲ್ಲಿ ಸ್ವೀಡನ್ನಿಗೆ ಮರಳಿದ. ಯಾರಿಗೆ ತೋರಿಸಬೇಕೆಂದು ಪೆಟ್ಟಿಗೆಗಳನ್ನು ಇಷ್ಟು ಜೋಪಾನವಾಗಿ ತಂದನೋ ಆ ಗುರು ೧೭೭೮ರ ಜನವರಿಯಲ್ಲಿಯೇ ತೀರಿಕೊಂಡಿದ್ದ.

ಉಳಿದುದನ್ನು ಬೇಗ ಹೇಳಬಹುದು. ೧೭೮೪ರಲ್ಲಿ ಅವನು ಉಪ್ಸಾಲಾದಲ್ಲಿ ಗುರುವಿನ ಪೀಠಕ್ಕೆ ಪ್ರಾಧ್ಯಾಪಕನಾದ. ಅದೇ ವರ್ಷ ಜಪಾನಿನ ಸಸ್ಯಗಳ ಗ್ರಂಥ ಹೊರಬಂತು. ಬೆಂಗಳೂರಿನ ಹಳೆಯ ತೋಟಗಳಲ್ಲಿ ಸಿಗುವ ಲಕೋಟೆ ಹಣ್ಣಿನ ಮರವನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದವನೂ ಅವನೇ. ಮುಂದೆ ಪ್ರವಾಸಕಥನವನ್ನು ನಾಲ್ಕು ಸಂಪುಟಗಳಲ್ಲಿ ಬರೆದ, ಸ್ವೀಡಿಷ್ ಭಾಷೆಯಲ್ಲಿ. ೧೮೨೮ರಲ್ಲಿ ಸಾಯುವಾಗ ಅವನಿಗೆ ಎಂಬತ್ತನಾಲ್ಕು ವರ್ಷ. ನಕಾಗವ, ಕತ್ಸುರಗವ ಅವನಿಗೆ ಬರೆದ ಡಚ್ ಪತ್ರಗಳು ಉಪ್ಸಾಲಾದಲ್ಲಿ ಇಂದಿಗೂ ಇವೆ.

ಈ ಕುಲಕ್ಕೆ ಥನ್‌ಬರ್ಜಿಯಾ ಎಂಬ ಹೆಸರಿಟ್ಟವನು ರೆಟ್ಜಿಯಸ್ ಎಂಬ ಸ್ವೀಡಿಷ್ ವಿದ್ವಾಂಸ.  ನಮ್ಮ ಘಟ್ಟದ ಬಳ್ಳಿ ಆ ಕುಲಕ್ಕೆ ಸೇರಿದ್ದು ಬಹಳ ತಡವಾಗಿ, ಹತ್ತೊಂಬತ್ತನೆಯ ಶತಮಾನದಲ್ಲಿ. ಇಷ್ಟನ್ನೂ ಗೆಳೆಯನ ಅಣ್ಣನಿಗೆ ಬರೆದು ಕಳುಹಿಸಿದೆ. ಮಳೆಗಾಳಿಗೆ ಚಪ್ಪರ ಬಿದ್ದುಹೋಯಿತಂತೆ. ಬಳ್ಳಿಯನ್ನು ಈಗ ಹಿತ್ತಲಿನ ಬೇಲಿಗೆ ಹಬ್ಬಿಸಿದ್ದಾರಂತೆ.