ಕಡಲೊಳಗಿನ ಗದ್ದಲ: ತಿಮಿಂಗಿಲ, ಡಾಲ್ಫಿನ್‌ಗಳಿಗೆ ಕುತ್ತು

ಕಡಲಿನಲ್ಲಿ ಸುಮಾರು 200 ಮೀಟರ್ ಆಳಕ್ಕಿಳಿಯುವಷ್ಟರಲ್ಲಿ ಸೂರ್ಯನ ಬೆಳಕು ಬಹುಮಟ್ಟಿಗೆ ಕರಗಿಹೋಗುತ್ತದೆ. ಸದ್ದಿಗೆ ಆ ಮಿತಿಯಿಲ್ಲ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವ ಶಬ್ದ ಕಡಲ ನೀರಿನಲ್ಲಿ ಸುಮಾರು 1,500 ಮೀಟರ್ ಸಾಗುತ್ತದೆ. ಕೆಳಸ್ಥಾಯಿಯ ದನಿಯಾದರೆ ನೂರಾರು ಕಿಲೋಮೀಟರ್ ದೂರವನ್ನೂ ಮುಟ್ಟಬಲ್ಲದು. ಹೀಗಾಗಿ ತಿಮಿಂಗಿಲ, ಡಾಲ್ಫಿನ್‌ಗಳು ಕಣ್ಣಿಗಿಂತ ಕಿವಿಯನ್ನು ನೆಚ್ಚಿ ಬದುಕುತ್ತವೆ. ನೀಲಿ ತಿಮಿಂಗಿಲ ಮತ್ತು ಫಿನ್ ತಿಮಿಂಗಿಲಗಳ ಕೂಗು 20 ಹರ್ಟ್ಜ್ ಆಸುಪಾಸಿನದು, ಮನುಷ್ಯನ ಕಿವಿಗೆ ನಿಲುಕುವುದೇ ಕಷ್ಟ. ಡಾಲ್ಫಿನ್‌ಗಳೂ ಹಲ್ಲುಳ್ಳ ಇತರ ತಿಮಿಂಗಿಲಗಳೂ ಚಿಟಿಕೆ ಹೊಡೆದಂಥ ಸದ್ದನ್ನು ಒಂದರ ಹಿಂದೊಂದು ಹೊರಡಿಸಿ, ಮರಳುವ ಪ್ರತಿಧ್ವನಿಯಿಂದ ಬೇಟೆ ಎಲ್ಲಿದೆ, ಅಡ್ಡಿ ಎಲ್ಲಿದೆ ಎಂದು ಅರಿಯುತ್ತವೆ.

ಮನುಷ್ಯ ನಿರ್ಮಿತ ಸದ್ದಿನಲ್ಲಿ ಎಡೆಬಿಡದೆ ಕೇಳುವುದು ಹಡಗುಗಳದು. ಪ್ರೊಪೆಲರ್ ರಭಸದಿಂದ ತಿರುಗುವಾಗ ಅದರ ಅಲಗುಗಳ ಬಳಿ ಒತ್ತಡ ಕುಸಿದು ಅಸಂಖ್ಯ ಗುಳ್ಳೆಗಳು ಹುಟ್ಟಿ ಮರುಕ್ಷಣವೇ ಒಡೆಯುತ್ತವೆ. ವೇಗವಾಗಿ ಸಾಗುವ ಸರಕು ಹಡಗಿನ ಸದ್ದಿನಲ್ಲಿ ದೊಡ್ಡ ಪಾಲು ಈ ಗುಳ್ಳೆಗಳದೇ. ಕ್ಯಾಲಿಫೋರ್ನಿಯಾ ಕರಾವಳಿಯಾಚೆಯ ಸ್ಯಾನ್ ನಿಕೋಲಸ್ ದ್ವೀಪದ ಬಳಿ 1960ರ ದಶಕದಲ್ಲಿ ಅಳೆದಿದ್ದ ಕಡಲ ಸದ್ದನ್ನು 2003–04ರಲ್ಲಿ ಮತ್ತೆ ಅಳೆದಾಗ, 30ರಿಂದ 50 ಹರ್ಟ್ಜ್ ವ್ಯಾಪ್ತಿಯಲ್ಲಿ ಅದು 10ರಿಂದ 12 ಡೆಸಿಬೆಲ್ ಏರಿತ್ತು. ಅಂದರೆ ಸದ್ದಿನ ತೀವ್ರತೆ ಹತ್ತು ಪಟ್ಟು ಅಥವಾ ಅದಕ್ಕೂ ಹೆಚ್ಚಾಗಿತ್ತು. ದೊಡ್ಡ ತಿಮಿಂಗಿಲಗಳು ಪರಸ್ಪರ ಕರೆಯುವ ಸ್ಥಾಯಿಯೂ ಇದರ ಆಸುಪಾಸಿನದೇ.

ಇದರ ಮೊದಲ ಪರಿಣಾಮ, ದನಿ ಮುಚ್ಚಿಹೋಗುವುದು. ಜಾತ್ರೆಯ ಧ್ವನಿವರ್ಧಕದ ಕೆಳಗೆ ನಿಂತವರು ಕಿರುಚಿ ಮಾತಾಡುವಂತೆ, ಓರ್ಕಾಗಳು ಹಡಗಿನ ಸದ್ದು ಏರಿದಷ್ಟೂ ತಮ್ಮ ಕೂಗನ್ನು ಏರಿಸುತ್ತವೆ. ಉತ್ತರ ಅಟ್ಲಾಂಟಿಕ್‌ನ ರೈಟ್ ತಿಮಿಂಗಿಲಗಳು ಕೂಗಿನ ಸ್ಥಾಯಿಯನ್ನೇ ಮೇಲಕ್ಕೆ ಎತ್ತಿಕೊಂಡಿವೆ.

ಎರಡನೆಯದು, ಮೈಯೊಳಗಿನ ಒತ್ತಡ. ಇದಕ್ಕೆ ಸಾಕ್ಷಿ ದೊರೆತದ್ದು ಆಕಸ್ಮಿಕವಾಗಿ. 2001ರ ಸೆಪ್ಟೆಂಬರ್ 11ರ ದಾಳಿಯ ಬೆನ್ನಲ್ಲೇ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗು ಸಂಚಾರ ಇಳಿದು, ನೀರೊಳಗಿನ ಸದ್ದು 6 ಡೆಸಿಬೆಲ್ ತಗ್ಗಿತು. ಅದೇ ಹೊತ್ತಿನಲ್ಲಿ ವಿಜ್ಞಾನಿಗಳು ಅಲ್ಲಿ ನೀರ ಮೇಲೆ ತೇಲುವ ರೈಟ್ ತಿಮಿಂಗಿಲಗಳ ಮಲವನ್ನು ಸಂಗ್ರಹಿಸುತ್ತಿದ್ದರು. ಆ ದಿನಗಳ ಮಾದರಿಗಳಲ್ಲಿ ಒತ್ತಡದ ಹಾರ್ಮೋನು, ಮುಂದಿನ ವರ್ಷಗಳ ಇದೇ ಅವಧಿಯ ಮಾದರಿಗಳಿಗಿಂತ ಕಡಿಮೆ ಇತ್ತು. ಈ ಫಲಿತಾಂಶ ಪ್ರಕಟವಾದದ್ದು 2012ರಲ್ಲಿ.

ಮೂರನೆಯದು, ನೇರ ಸಾವು. ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ನೌಕಾಪಡೆಗಳು ಬಳಸುವ ಮಧ್ಯಮ ಕಂಪನಾಂಕದ ಸೋನಾರ್‌ಗೆ, ಆಳಕ್ಕೆ ಮುಳುಗುವ ಕೊಕ್ಕಿನ ತಿಮಿಂಗಿಲಗಳು ಹೆಚ್ಚು ಬಲಿಯಾಗುತ್ತವೆ. 2000ದ ಮಾರ್ಚ್‌ನಲ್ಲಿ ಬಹಾಮಾಸ್ ದ್ವೀಪಗಳ ದಡಕ್ಕೆ 17 ಪ್ರಾಣಿಗಳು ಬಂದು ಬಿದ್ದವು. ಕೆಲವುಗಳ ಕಿವಿಯ ಸುತ್ತ ರಕ್ತಸ್ರಾವವಾಗಿತ್ತು. ತನ್ನ ಸೋನಾರ್‌ ಇದಕ್ಕೆ ಕಾರಣವೆಂದು ಅಮೆರಿಕದ ನೌಕಾಪಡೆಯೇ ಒಪ್ಪಿತು. 2002ರಲ್ಲಿ ಕ್ಯಾನರಿ ದ್ವೀಪಗಳಲ್ಲಿ ಸತ್ತ ಕೊಕ್ಕಿನ ತಿಮಿಂಗಿಲಗಳ ಅಂಗಾಂಗಗಳಲ್ಲಿ ಅನಿಲದ ಗುಳ್ಳೆಗಳು ಕಂಡವು. ಆಳದಿಂದ ಗಡಿಬಿಡಿಯಲ್ಲಿ ಮೇಲೇರುವ ಮುಳುಗುಗಾರರಿಗೆ ಆಗುವ ತೊಂದರೆಯನ್ನೇ ಇದು ಹೋಲುತ್ತಿತ್ತು. 2004ರಲ್ಲಿ ಸ್ಪೇನ್ ಆ ದ್ವೀಪಗಳ ಸುತ್ತ ಸೋನಾರ್ ಬಳಕೆಗೆ ತಡೆಯೊಡ್ಡಿದ ಮೇಲೆ, ಸುಮಾರು ಒಂದು ದಶಕದ ಅವಲೋಕನದಲ್ಲಿ ಅಂಥ ಸಾಮೂಹಿಕ ಸಾವು ಅಲ್ಲಿ ಕಾಣಲಿಲ್ಲ. ತೈಲ ನಿಕ್ಷೇಪ ಹುಡುಕುವ ಹಡಗುಗಳು ಗಾಳಿಗನ್‌ಗಳಿಂದ ಹತ್ತು ಹದಿನೈದು ಸೆಕೆಂಡಿಗೊಮ್ಮೆ, ವಾರಗಟ್ಟಲೆ ಹೊಮ್ಮಿಸುವ ಸ್ಫೋಟದ ಸದ್ದೂ ತಿಮಿಂಗಿಲಗಳನ್ನು ದಾರಿ ತಪ್ಪಿಸುತ್ತದೆ, ಮೌನವಾಗಿಸುತ್ತದೆ.

ಭಾರತದಲ್ಲಿ ಈ ಸಮಸ್ಯೆ ನದಿಯೊಳಗೂ ಇದೆ. ರಾಷ್ಟ್ರೀಯ ಜಲಚರ ಪ್ರಾಣಿಯಾದ ಗಂಗಾ ಡಾಲ್ಫಿನ್‌ನ ಕಣ್ಣಿನಲ್ಲಿ ಮಸೂರವೇ ಇಲ್ಲ. ಬೆಳಕು ಕತ್ತಲೆಗಳ ವ್ಯತ್ಯಾಸ ತಿಳಿದೀತು, ಅಷ್ಟೇ. ಕೆಸರು ನೀರಿನಲ್ಲಿ ಮೀನು ಹಿಡಿಯಲು ಅದಕ್ಕೆ ಪ್ರತಿಧ್ವನಿಯೊಂದೇ ಗತಿ. ಪ್ರಯಾಗರಾಜದಿಂದ ಹಲ್ದಿಯಾವರೆಗಿನ 1,620 ಕಿಲೋಮೀಟರ್ ಉದ್ದದ ರಾಷ್ಟ್ರೀಯ ಜಲಮಾರ್ಗ–1 ಇದರ ಆವಾಸದ ಮೂಲಕವೇ ಹಾದುಹೋಗುತ್ತದೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರೂ ಇದ್ದ ತಂಡವೊಂದು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಾಂತ್ರಿಕ ದೋಣಿಗಳ ಸದ್ದು ಡಾಲ್ಫಿನ್‌ಗಳ ಶೋಧಕ ದನಿಯನ್ನು ಮುಚ್ಚಿಹಾಕಿ, ಅವುಗಳ ಚಯಾಪಚಯದ ಹೊರೆಯನ್ನು ಎರಡು ಪಟ್ಟಿಗೂ ಮೀರಿ ಹೆಚ್ಚಿಸುತ್ತದೆ. ಬೇಸಿಗೆಯಲ್ಲಿ ನದಿ ಬತ್ತಿ ಆಳ ಕಡಿಮೆಯಾದಾಗ ಕಷ್ಟ ಇನ್ನೂ ಹೆಚ್ಚು. ದೋಣಿಗಳ ಓಡಾಟ ಮಿತಿಗೊಳಿಸುವುದು, ಪ್ರೊಪೆಲರ್ ಮಾರ್ಪಡಿಸುವುದು, ನದಿಯಲ್ಲಿ ಸಾಕಷ್ಟು ಹರಿವು ಉಳಿಸುವುದು ಆ ತಂಡದ ಸಲಹೆಗಳು.

ಕಡಲಿನಲ್ಲೂ ಪರಿಹಾರ ದುಸ್ಸಾಧ್ಯವೇನಲ್ಲ. ವೇಗ ತಗ್ಗಿಸಿದರೆ ಬಹುತೇಕ ಹಡಗುಗಳ ಸದ್ದೂ ತಗ್ಗುತ್ತದೆ. ವ್ಯಾಂಕೂವರ್ ಬಂದರಿಗೆ ಬಂದುಹೋಗುವ ಹಡಗುಗಳು, ಅಳಿವಿನಂಚಿನ ಓರ್ಕಾಗಳು ಸಾಲ್ಮನ್ ಮೀನು ಬೇಟೆಯಾಡುವ ಹಾರೋ ಜಲಸಂಧಿಯಲ್ಲಿ 2017ರಿಂದ ಋತುಮಾನಕ್ಕೆ ತಕ್ಕಂತೆ ಸ್ವಯಂಪ್ರೇರಿತವಾಗಿ ನಿಧಾನಗತಿ ಪಾಲಿಸುತ್ತಿವೆ. ಗುಳ್ಳೆ ಕಡಿಮೆ ಮಾಡುವ ಪ್ರೊಪೆಲರ್ ವಿನ್ಯಾಸ, ಎಂಜಿನ್ ಕಂಪನ ಹೀರುವ ತಳಪಾಯ, ತಿಮಿಂಗಿಲಗಳ ನೆಲೆಯಿಂದ ದೂರಕ್ಕೆ ಸರಿಸಿದ ಹಡಗುದಾರಿ ಇವೂ ಲಭ್ಯವಿರುವ ಉಪಾಯಗಳೇ. ಪ್ಲಾಸ್ಟಿಕ್ ಅಥವಾ ತೈಲದ ಮಾಲಿನ್ಯದಂತೆ ಸದ್ದು ನೀರಿನಲ್ಲಿ ಉಳಿಯುವುದಿಲ್ಲ; ಮೂಲ ನಿಂತೊಡನೆ ಅದೂ ನಿಲ್ಲುತ್ತದೆ. ಹಡಗುಗಳ ಸದ್ದು ತಗ್ಗಿಸಲು ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆ 2014ರಲ್ಲಿ ಮಾರ್ಗಸೂಚಿ ಹೊರಡಿಸಿ 2023ರಲ್ಲಿ ಪರಿಷ್ಕರಿಸಿದೆ. ಆದರೆ ಅದನ್ನು ಪಾಲಿಸುವುದು ಹಡಗು ಕಂಪನಿಗಳ ಇಚ್ಛೆಗೆ ಬಿಟ್ಟದ್ದು, ಕಡ್ಡಾಯವಲ್ಲ.