ಶಾಲೆಯ ಚೀಲದಲ್ಲಿ ಇನ್ಸುಲಿನ್

ಟೈಪ್ 1 ಮಧುಮೇಹ ಹೆಚ್ಚಾಗಿ ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ ಕಾಣಿಸಿಕೊಳ್ಳುವ ಸಕ್ಕರೆ ಕಾಯಿಲೆ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ನಾಶಮಾಡುವುದರಿಂದ ಇದು ಬರುತ್ತದೆ. ಮಗು ಸಿಹಿ ತಿಂದಿತೆಂದು ಬರುವುದಿಲ್ಲ, ತಾಯಿ ಬಸಿರಿನಲ್ಲಿ ಪಥ್ಯ ಮಾಡಲಿಲ್ಲವೆಂದೂ ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ಚಿಕಿತ್ಸೆಗೆ ಮುಂಚೆಯೇ ತಾಯಿಯ ಮೇಲೆ ದೂರು ಶುರುವಾಗುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. 1922ರ ಜನವರಿಯಲ್ಲಿ ಟೊರಾಂಟೊದ 14 ವರ್ಷದ ಲಿಯೊನಾರ್ಡ್ ಥಾಮ್ಸನ್‌ಗೆ ಮೊದಲ ಬಾರಿ ಇನ್ಸುಲಿನ್ ಕೊಡುವವರೆಗೂ ಈ ಕಾಯಿಲೆ ಬಂದ ಮಗು ಬದುಕುಳಿಯುತ್ತಿರಲಿಲ್ಲ. ಇಂದು ಅದೇ ಮಗು ಓದಿ, ಆಡಿ, ದುಡಿದು ದೀರ್ಘಕಾಲ ಬಾಳಬಲ್ಲದು. ಆದರೆ ಇನ್ಸುಲಿನ್ ಒಂದು ದಿನವೂ ತಪ್ಪಬಾರದು.

ಸಾಮಾನ್ಯವಾಗಿ ಪ್ರತಿ ಊಟಕ್ಕೆ ಮುಂಚೆ ಒಂದು ಇಂಜೆಕ್ಷನ್, ದಿನಕ್ಕೊಮ್ಮೆ ನಿಧಾನವಾಗಿ ಕೆಲಸ ಮಾಡುವ ಇನ್ನೊಂದು ಬೇಕು. ಮಧ್ಯಾಹ್ನದ್ದು ಶಾಲೆಯಲ್ಲೇ ಆಗಬೇಕು. ಅದಕ್ಕೊಂದು ಸ್ವಚ್ಛವಾದ ಜಾಗ, ಐದು ನಿಮಿಷದ ಬಿಡುವು ಸಾಕು. ಹಾಗಿದ್ದೂ ಅನೇಕ ಮಕ್ಕಳು ಯಾರಾದರೂ ನೋಡಿಯಾರೆಂದು ಶೌಚಾಲಯದಲ್ಲಿ ಚುಚ್ಚಿಕೊಳ್ಳುತ್ತಾರೆ, ಇಲ್ಲವೇ ಡೋಸನ್ನೇ ಬಿಡುತ್ತಾರೆ. ಬಿಸಿಯೂಟವನ್ನು ಎಲ್ಲರ ಜೊತೆ ಕೂತು ಉಣ್ಣಬಹುದು. ತಟ್ಟೆಯಲ್ಲಿರುವ ಅನ್ನದ ಅಳತೆಗೆ ತಕ್ಕಂತೆ ಡೋಸ್ ಹೊಂದಿಸುವುದನ್ನು ವೈದ್ಯರು ಕಲಿಸಿಕೊಡುತ್ತಾರೆ. ರಾಗಿಮುದ್ದೆಯಿಂದ ಸಕ್ಕರೆ ಏರುವುದಿಲ್ಲ ಎಂಬ ನಂಬಿಕೆ ಮಾತ್ರ ತಪ್ಪು. ರಾಗಿಯಲ್ಲೂ ಪಿಷ್ಟವಿದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಶಿಕ್ಷಕರು ತಪ್ಪದೆ ತಿಳಿದಿರಬೇಕಾದದ್ದು 'ಶುಗರ್ ಲೋ' ಆಗುವ ಸ್ಥಿತಿ. ಇನ್ಸುಲಿನ್ ಹೆಚ್ಚಾದಾಗ, ಊಟ ತಡವಾದಾಗ, ಆಟ ಜೋರಾದಾಗ ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿಯಬಹುದು. ಮಗು ಬೆವರುತ್ತದೆ, ಕೈ ನಡುಗುತ್ತದೆ, ಸಿಡುಕುತ್ತದೆ, ಪಾಠದ ನಡುವೆ ಮಂಕಾಗಿ ಕೂರುತ್ತದೆ. ಇದನ್ನು ಸೋಮಾರಿತನವೆಂದು ಗದರಿದರೆ ಅಮೂಲ್ಯವಾದ ನಿಮಿಷಗಳು ಕಳೆದುಹೋಗುತ್ತವೆ. ಕೂಡಲೇ ಗ್ಲೂಕೋಸ್ ಪುಡಿಯನ್ನೋ ಮೂರು ಚಮಚ ಸಕ್ಕರೆಯನ್ನೋ ನೀರಲ್ಲಿ ಕದಡಿ ಕುಡಿಸಬೇಕು. ತೀರ ಚಿಕ್ಕ ಮಕ್ಕಳಿಗೆ ಇನ್ನೂ ಕಡಿಮೆ ಸಾಕು. ಚಾಕೊಲೇಟ್‌ನಲ್ಲಿರುವ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ತಡಮಾಡುವುದರಿಂದ ಈ ಹೊತ್ತಿಗೆ ಅದು ತಕ್ಕದ್ದಲ್ಲ. 15 ನಿಮಿಷದ ಮೇಲೆ ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕೊಡಬೇಕು. ಅಂಥ ಮಗುವನ್ನು ಒಂಟಿಯಾಗಿ ಮನೆಗೆ ಕಳಿಸಲೇಬಾರದು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಪಕ್ಕಕ್ಕೆ ಹೊರಳಿಸಿ ಮಲಗಿಸಿ ಆಸ್ಪತ್ರೆಗೆ ಒಯ್ಯಬೇಕು.

ಆಟದಿಂದ ಮಗುವನ್ನು ದೂರವಿಡುವುದು ಕಾಳಜಿಯಂತೆ ಕಂಡರೂ ಅನ್ಯಾಯ. ಮುಂಚೆ ಸಕ್ಕರೆ ಪರೀಕ್ಷಿಸಿ, ಅಗತ್ಯವಿದ್ದರೆ ಬಾಳೆಹಣ್ಣು ತಿನ್ನಿಸಿ ಮೈದಾನಕ್ಕೆ ಬಿಡಬಹುದು. 2017ರಲ್ಲಿ ಸಿಬಿಎಸ್‌ಇ ಈ ಮಕ್ಕಳು ಬೋರ್ಡ್ ಪರೀಕ್ಷೆಯ ಕೋಣೆಗೆ ಮಾತ್ರೆ, ಹಣ್ಣು, ತಿಂಡಿ, ನೀರು ಒಯ್ಯಲು ಅವಕಾಶ ಕೊಟ್ಟಿತು. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ತರಗತಿಯಲ್ಲೇ ಸಕ್ಕರೆ ಪರೀಕ್ಷೆ, ಇಂಜೆಕ್ಷನ್, ತಿಂಡಿಗೆ ಅನುಮತಿ ನೀಡುವಂತೆ ರಾಜ್ಯಗಳಿಗೆ ಬರೆಯಿತು.

ಮನೆಯ ಪಾಲಿನ ಕೆಲಸ ಬೇರೆ ಬಗೆಯದು. ಬಳಸದ ಇನ್ಸುಲಿನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಹೆಪ್ಪುಗಟ್ಟಬಾರದು. ಫ್ರಿಜ್ ಇಲ್ಲದ ಮನೆಯಲ್ಲಿ ದೊಡ್ಡ ಮಡಕೆಗೆ ಒದ್ದೆ ಮರಳು ತುಂಬಿ, ಅದರೊಳಗೆ ಸಣ್ಣ ಕುಡಿಕೆಯಿಟ್ಟು ಔಷಧಿಯನ್ನು ಬಿಸಿಲಿನ ತಾಪದಿಂದ ಕಾಯಬಹುದು. ಜ್ವರ ಬಂದು ಊಟ ಸೇರದಿದ್ದರೂ ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು. ನಾಟಿ ಔಷಧಿಯ ಭರವಸೆಯಲ್ಲಿ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ರಕ್ತದಲ್ಲಿ ಕೀಟೋನ್ ಆಮ್ಲ ಸೇರಿ ವಾಂತಿ, ಹೊಟ್ಟೆನೋವು, ಏದುಸಿರು ಶುರುವಾಗಿ ಪ್ರಾಣಕ್ಕೇ ಕುತ್ತು ಬರುತ್ತದೆ.

ಹೆಣ್ಣುಮಗುವಾದರೆ ಮುಂದೆ ಮದುವೆಗೆ ತೊಡಕಾದೀತೆಂದು ಕಾಯಿಲೆಯನ್ನೇ ಮುಚ್ಚಿಡುವವರಿದ್ದಾರೆ. ಮುಚ್ಚಿಟ್ಟರೆ ಲೋ ಆದಾಗ ನೆರವಿಗೆ ಬರಬೇಕಾದವರಿಗೇ ಸಂಗತಿ ತಿಳಿದಿರುವುದಿಲ್ಲ. ಶಾಲೆ ಸೇರಿಸುವ ದಿನವೇ ಡೋಸಿನ ಹೊತ್ತು, ಲೋ ಆದಾಗಿನ ಲಕ್ಷಣ, ವೈದ್ಯರ ಮತ್ತು ಪೋಷಕರ ಫೋನ್ ನಂಬರನ್ನು ಒಂದು ಹಾಳೆಯಲ್ಲಿ ಬರೆದು ತರಗತಿಯ ಶಿಕ್ಷಕರಿಗೂ ಪಿ.ಟಿ. ಮೇಷ್ಟ್ರಿಗೂ ಕೊಡಬೇಕು. ಪಕ್ಕದಲ್ಲಿ ಕೂರುವ ಒಬ್ಬ ಗೆಳೆಯನಿಗೋ ಗೆಳತಿಗೋ ಗ್ಲೂಕೋಸ್ ಡಬ್ಬಿ ಚೀಲದ ಯಾವ ಖಾನೆಯಲ್ಲಿದೆ ಎಂದು ತೋರಿಸಿರಬೇಕು.