ದ ಲಾರ್ಡ್ ಆಫ್ ದ ರಿಂಗ್ಸ್ (ವಿಸ್ತೃತ ಆವೃತ್ತಿಯ ಡಿಸ್ಕ್‌ಗಳು)

ದ ಲಾರ್ಡ್ ಆಫ್ ದ ರಿಂಗ್ಸ್ ವಿಸ್ತೃತ ಆವೃತ್ತಿ ಎಂಬುದು ನ್ಯೂಜಿಲೆಂಡಿನ ನಿರ್ದೇಶಕ ಪೀಟರ್ ಜ್ಯಾಕ್ಸನ್ ಅವರ ಮೂರು ಕಲ್ಪನಾಲೋಕದ ಸಾಹಸ ಚಿತ್ರಗಳನ್ನು ಮನೆಯಲ್ಲಿ ನೋಡುವವರಿಗಾಗಿ ಮರುಸಂಕಲನ ಮಾಡಿ ಡಿಸ್ಕ್ ರೂಪದಲ್ಲಿ ಹೊರತಂದ ದೀರ್ಘ ಪಾಠವಾಗಿದೆ. ಈ ಆವೃತ್ತಿಯ ಡಿವಿಡಿಗಳು 2002, 2003 ಮತ್ತು 2004ರಲ್ಲಿ ವರ್ಷಕ್ಕೊಂದರಂತೆ ಬಿಡುಗಡೆಯಾದವು. ಚಿತ್ರಮಂದಿರದಲ್ಲಿ ಕಂಡದ್ದರ ಸಣ್ಣ ಪ್ರತಿಯೇ ಡಿಸ್ಕ್ ಎಂಬ ಸಾಮಾನ್ಯ ತಿಳಿವಳಿಕೆ ಇವುಗಳಿಗೆ ಅನ್ವಯಿಸುವುದಿಲ್ಲ. ಚಿತ್ರಮಂದಿರದಲ್ಲಿ ಇಲ್ಲದ ದೃಶ್ಯಗಳು ಇವುಗಳಲ್ಲಿವೆ; ಕೆಲವು ಪಾತ್ರಗಳ ಕಥೆ ಮುಕ್ತಾಯಗೊಳ್ಳುವುದೂ ಇಲ್ಲಿಯೇ. ಆದುದರಿಂದ ಈ ಚಿತ್ರಗಳ ಬಗ್ಗೆ ಬರೆಯುವವರು ಯಾವ ಆವೃತ್ತಿಯನ್ನು ನೋಡಿದ್ದೇವೆ ಎಂಬುದನ್ನು ಮೊದಲು ಹೇಳಬೇಕಾಗುತ್ತದೆ.

ಹಿನ್ನೆಲೆ

ಜೆ. ಆರ್. ಆರ್. ಟೋಲ್ಕಿನ್ ಅವರ ಇಂಗ್ಲಿಷ್ ಕಾದಂಬರಿ 1954–55ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಅದನ್ನು ಆಧರಿಸಿದ ಮೂರು ಚಿತ್ರಗಳ ಮುಖ್ಯ ಚಿತ್ರೀಕರಣ 1999ರ ಅಕ್ಟೋಬರ್‌ನಿಂದ 2000ದ ಡಿಸೆಂಬರ್‌ವರೆಗೆ ನ್ಯೂಜಿಲೆಂಡಿನಲ್ಲಿ ಒಟ್ಟಿಗೇ ನಡೆಯಿತು. ‘ದ ಫೆಲೋಶಿಪ್ ಆಫ್ ದ ರಿಂಗ್’, ‘ದ ಟು ಟವರ್ಸ್’ ಮತ್ತು ‘ದ ರಿಟರ್ನ್ ಆಫ್ ದ ಕಿಂಗ್’ ಚಿತ್ರಗಳು ಕ್ರಮವಾಗಿ 2001, 2002 ಮತ್ತು 2003ರ ಡಿಸೆಂಬರ್‌ನಲ್ಲಿ ತೆರೆಕಂಡವು. ಅವುಗಳ ಅವಧಿ 178, 179 ಮತ್ತು 201 ನಿಮಿಷಗಳು. ಮೂರು ಗಂಟೆಯ ಚಿತ್ರವೇ ಚಿತ್ರಮಂದಿರದ ದಿನದ ಪ್ರದರ್ಶನಗಳ ಸಂಖ್ಯೆಯನ್ನು ಕಡಿಮೆ ಮಾಡುತ್ತದೆ; ಅದಕ್ಕಿಂತ ಉದ್ದವಾದದ್ದನ್ನು ಪ್ರದರ್ಶಕರು ಸುಲಭವಾಗಿ ಒಪ್ಪುವುದಿಲ್ಲ. ಚಿತ್ರೀಕರಿಸಿದ್ದರಲ್ಲಿ ಬಹಳಷ್ಟು ಹೀಗೆ ಹೊರಗುಳಿಯಿತು.

ಮನೆಯ ವೀಕ್ಷಕನಿಗೆ ಈ ನಿರ್ಬಂಧವಿಲ್ಲ. ಅವನು ನಡುವೆ ನಿಲ್ಲಿಸಿ ಊಟ ಮಾಡಬಹುದು, ಉಳಿದದ್ದನ್ನು ಮರುದಿನ ನೋಡಬಹುದು. ಈ ಅನುಕೂಲವನ್ನು ಬಳಸಿಕೊಂಡು ಜ್ಯಾಕ್ಸನ್ ಅವರು ಮೊದಲ ಚಿತ್ರವನ್ನು 208, ಎರಡನೆಯದನ್ನು 223, ಮೂರನೆಯದನ್ನು 251 ನಿಮಿಷಗಳಿಗೆ ವಿಸ್ತರಿಸಿದರು. ಕೊನೆಯಲ್ಲಿ ಬರುವ ಅಭಿಮಾನಿ ಸಂಘದ ಸದಸ್ಯರ ಹೆಸರುಗಳ ಉದ್ದನೆಯ ಪಟ್ಟಿ ಈ ಲೆಕ್ಕದಲ್ಲಿ ಸೇರಿಲ್ಲ. ಸೇರಿಸಿದ ದೃಶ್ಯಗಳಿಗಾಗಿ ಸಂಗೀತ ನಿರ್ದೇಶಕ ಹೋವರ್ಡ್ ಶೋರ್ ಹೊಸ ಸಂಗೀತವನ್ನು ರಚಿಸಿದರು. ದೃಶ್ಯ ಪರಿಣಾಮಗಳನ್ನೂ ಹೊಸದಾಗಿ ಸಿದ್ಧಪಡಿಸಲಾಯಿತು. ಬೇರೆ ಅನೇಕ ಡಿಸ್ಕ್‌ಗಳಲ್ಲಿ ಕಾಣುವ, ಕತ್ತರಿಸಿದ ತುಣುಕುಗಳನ್ನು ಕೊನೆಯಲ್ಲಿ ಬಿಡಿಬಿಡಿಯಾಗಿ ತೋರಿಸುವ ಪದ್ಧತಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವಿದು.

ಇವುಗಳಿಗೆ ‘ನಿರ್ದೇಶಕರ ಆವೃತ್ತಿ’ ಎಂಬ ಹೆಸರನ್ನು ಕೊಡಲಿಲ್ಲ ಎಂಬುದನ್ನು ಗಮನಿಸಬೇಕು. ನಿರ್ಮಾಪಕರು ಕತ್ತರಿಸಿದ್ದನ್ನು ನಿರ್ದೇಶಕರು ಮರಳಿ ಜೋಡಿಸಿದರು ಎಂಬ ಅರ್ಥ ಆ ಹೆಸರಿಗಿದೆ. ಇಲ್ಲಿ ಎರಡೂ ಆವೃತ್ತಿಗಳು ಜ್ಯಾಕ್ಸನ್ ಅವರವೇ.

ಸೇರ್ಪಡೆಗಳಿಂದ ಆದ ಬದಲಾವಣೆ

ಸೇರಿಸಿದ ಎಲ್ಲ ದೃಶ್ಯಗಳೂ ಒಂದೇ ತೂಕದವಲ್ಲ. ಕೆಲವು ಹಾಸ್ಯಕ್ಕೆ ಮಾತ್ರ ಸೀಮಿತ. ಕೆಲವು ಕಥೆಯ ವೇಗವನ್ನು ತಗ್ಗಿಸುತ್ತವೆ. ಆದರೆ ಮೂರು ಕಡೆಗಳಲ್ಲಿ ಸೇರ್ಪಡೆಯು ಕಥೆಯ ಅರ್ಥವನ್ನೇ ಬದಲಿಸುತ್ತದೆ.

ಮೊದಲ ಚಿತ್ರದಲ್ಲಿ ಗಲಾಡ್ರಿಯಲ್ ರಾಣಿಯು ಪ್ರಯಾಣಿಕರನ್ನು ಬೀಳ್ಕೊಡುವ ಸಂದರ್ಭವಿದೆ. ಚಿತ್ರಮಂದಿರದ ಆವೃತ್ತಿಯಲ್ಲಿ ಫ್ರೋಡೋ ಬೆಳಕಿನ ಕುಪ್ಪಿಯನ್ನು ಪಡೆಯುವುದಷ್ಟೇ ಕಾಣುತ್ತದೆ. ವಿಸ್ತೃತ ಆವೃತ್ತಿಯಲ್ಲಿ ಉಳಿದವರಿಗೂ ಉಡುಗೊರೆ ದೊರೆಯುತ್ತದೆ. ಸ್ಯಾಮ್‌ಗೆ ಸಿಕ್ಕುವುದು ಎಲ್ಫ್ ಜನರು ಹೆಣೆದ ಹಗ್ಗ. ಎರಡನೆಯ ಚಿತ್ರದಲ್ಲಿ ಗೊಲ್ಲಮ್‌ನನ್ನು ಕಟ್ಟುವ ಹಗ್ಗ, ಅವನಿಗೆ ಸಹಿಸಲಾಗದಷ್ಟು ನೋವು ಕೊಡುವ ಹಗ್ಗ ಎಲ್ಲಿಂದ ಬಂತು ಎಂಬುದು ಇದರಿಂದ ತಿಳಿಯುತ್ತದೆ.

ಎರಡನೆಯ ಚಿತ್ರದಲ್ಲಿ ಫರಾಮಿರ್ ಎಂಬ ಯುವ ಸೇನಾನಿಯು ಫ್ರೋಡೋನನ್ನು ಸೆರೆಹಿಡಿದು ತನ್ನ ದೇಶಕ್ಕೆ ಒಯ್ಯಲು ನಿರ್ಧರಿಸುತ್ತಾನೆ. ಚಿತ್ರಮಂದಿರದಲ್ಲಿ ನೋಡಿದವರಿಗೆ ಇದು ಬರಿಯ ಕಾಠಿಣ್ಯವಾಗಿ ತೋರುತ್ತದೆ. ವಿಸ್ತೃತ ಆವೃತ್ತಿಯು ಇಲ್ಲಿ ಹಿಂದಿನ ಘಟನೆಯೊಂದನ್ನು ತರುತ್ತದೆ: ಗೆದ್ದುಕೊಂಡ ನಗರದಲ್ಲಿ ಅಣ್ಣ ಬೊರೊಮಿರ್ ಮತ್ತು ತಮ್ಮ ಫರಾಮಿರ್ ಒಟ್ಟಿಗೆ ಸಂಭ್ರಮಿಸುತ್ತಿರುವಾಗ ತಂದೆ ಬಂದು ಹಿರಿಯನನ್ನು ಹೊಗಳಿ ಕಿರಿಯನನ್ನು ಹಳಿಯುತ್ತಾನೆ, ಉಂಗುರವನ್ನು ತರುವ ಕೆಲಸಕ್ಕೆ ತಾನು ಹೋಗುವೆನೆಂದ ಕಿರಿಯ ಮಗನ ಮಾತನ್ನು ತಳ್ಳಿಹಾಕುತ್ತಾನೆ. ತಂದೆಯ ಮೆಚ್ಚುಗೆಗಾಗಿ ಹಂಬಲಿಸುವ ಮಗನಾಗಿ ಫರಾಮಿರ್ ಕಾಣಿಸಿಕೊಳ್ಳುವುದು ಈ ಕೆಲವೇ ನಿಮಿಷಗಳಿಂದ. ಮೂರು ಚಿತ್ರಗಳ ಸೇರ್ಪಡೆಗಳಲ್ಲಿ ಇದೇ ಅತ್ಯಂತ ಬೆಲೆಯುಳ್ಳದ್ದು ಎಂದರೆ ತಪ್ಪಾಗಲಾರದು.

ಮೂರನೆಯದು ಸಾರುಮನ್ ಎಂಬ ಮಾಂತ್ರಿಕನ ಅಂತ್ಯ. ಎರಡು ಚಿತ್ರಗಳಲ್ಲಿ ಪ್ರಮುಖ ಖಳನಾಗಿದ್ದ ಈ ಪಾತ್ರವು ಮೂರನೆಯ ಚಿತ್ರದ ಚಿತ್ರಮಂದಿರದ ಆವೃತ್ತಿಯಲ್ಲಿ ಕಾಣಿಸುವುದೇ ಇಲ್ಲ. ಅವನು ಗೋಪುರದಲ್ಲಿ ಬಂದಿಯಾಗಿದ್ದಾನೆ ಎಂಬ ಮಾತಷ್ಟೇ ಬರುತ್ತದೆ. ಪಾತ್ರಧಾರಿ ಕ್ರಿಸ್ಟೋಫರ್ ಲೀ ಈ ಬಗ್ಗೆ ಬಹಿರಂಗವಾಗಿ ಬೇಸರ ವ್ಯಕ್ತಪಡಿಸಿದ್ದರು. ಅನುಚರನ ಚೂರಿಯ ಇರಿತಕ್ಕೆ ಸಿಕ್ಕಿ ಸಾರುಮನ್ ಗೋಪುರದಿಂದ ಬೀಳುವ ದೃಶ್ಯವು 2004ರ ಡಿಸೆಂಬರ್‌ನ ಡಿವಿಡಿಯಲ್ಲಿ ಮೊದಲ ಬಾರಿಗೆ ಪ್ರೇಕ್ಷಕರಿಗೆ ದೊರೆಯಿತು. ಇದೇ ಚಿತ್ರ ಅದೇ ವರ್ಷದ ಫೆಬ್ರವರಿಯಲ್ಲಿ 11 ಆಸ್ಕರ್ ಪ್ರಶಸ್ತಿಗಳನ್ನು ಗೆದ್ದಿತ್ತು. ಪ್ರಶಸ್ತಿ ಪಡೆದ ಪಾಠ ಒಂದು, ಅಭಿಮಾನಿಗಳ ಮನೆಗಳಲ್ಲಿ ಉಳಿದ ಪಾಠ ಮತ್ತೊಂದು.

2003ರ ಡಿಸೆಂಬರ್ 16ರಂದು ಉತ್ತರ ಅಮೆರಿಕದ ಆಯ್ದ ಚಿತ್ರಮಂದಿರಗಳಲ್ಲಿ ಮೊದಲ ಎರಡು ಚಿತ್ರಗಳ ವಿಸ್ತೃತ ಆವೃತ್ತಿಗಳನ್ನೂ ಅವುಗಳ ಬೆನ್ನಿಗೇ ಹೊಸ ಮೂರನೆಯ ಚಿತ್ರವನ್ನೂ ಪ್ರದರ್ಶಿಸಲಾಯಿತು. ಮನೆಗೆಂದು ಮಾಡಿದ ಪಾಠ ಹೀಗೆ ಚಿತ್ರಮಂದಿರಕ್ಕೆ ಮರಳಿದ್ದೂ ಉಂಟು.

ಒಂದು ಚಿತ್ರಕ್ಕೆ ಎರಡು ಡಿಸ್ಕ್ ಏಕೆ?

ಪ್ರತಿಯೊಂದು ಡಿವಿಡಿ ಪೆಟ್ಟಿಗೆಯಲ್ಲಿ ನಾಲ್ಕು ಡಿಸ್ಕ್‌ಗಳಿವೆ: ಚಿತ್ರಕ್ಕೆ ಎರಡು, ಪೂರಕ ಸಾಮಗ್ರಿಗೆ ಎರಡು. ಚಿತ್ರವನ್ನು ಎರಡು ತುಂಡು ಮಾಡಿದ್ದು ವ್ಯಾಪಾರದ ತಂತ್ರವೆಂದು ಭಾವಿಸುವವರಿದ್ದಾರೆ. ನಿಜವಾದ ಕಾರಣ ಲೆಕ್ಕದಲ್ಲಿದೆ.

ಡಿವಿಡಿಯ ವ್ಯಾಸ 12 ಸೆಂಟಿಮೀಟರ್. ಒಂದು ಪದರದ ಡಿಸ್ಕ್ 4.7 ಗಿಗಾಬೈಟ್, ಒಂದೇ ಬದಿಯಲ್ಲಿ ಎರಡು ಪದರಗಳಿರುವ ಡಿಸ್ಕ್ ಸುಮಾರು 8.5 ಗಿಗಾಬೈಟ್ ಮಾಹಿತಿಯನ್ನು ಹಿಡಿಯುತ್ತದೆ. 208 ನಿಮಿಷಗಳನ್ನು ಎರಡು ಪದರದ ಒಂದೇ ಡಿಸ್ಕಿಗೆ ತುಂಬಿದರೆ ಸೆಕೆಂಡಿಗೆ ಸರಾಸರಿ ಸುಮಾರು 54 ಲಕ್ಷ ಬಿಟ್‌ಗಳು ಸಿಗುತ್ತವೆ. ಚಿತ್ರ, ಹಲವು ಬಗೆಯ ಧ್ವನಿ, ನಾಲ್ಕು ವ್ಯಾಖ್ಯಾನ ಧ್ವನಿಗಳು, ಉಪಶೀರ್ಷಿಕೆಗಳು ಎಲ್ಲವೂ ಇದರಲ್ಲೇ ಹಂಚಿಕೊಳ್ಳಬೇಕು. ಎರಡು ಡಿಸ್ಕ್‌ಗಳಿಗೆ ಹಂಚಿದರೆ ಡಿವಿಡಿ ತಂತ್ರಜ್ಞಾನದ ಗರಿಷ್ಠ ಮಿತಿಯಾದ ಸೆಕೆಂಡಿಗೆ ಒಂದು ಕೋಟಿ ಬಿಟ್‌ಗಳ ಹತ್ತಿರಕ್ಕೆ ಹೋಗಲು ಸಾಧ್ಯವಾಗುತ್ತದೆ.

ಇದರ ಫಲ ಯುದ್ಧದ ದೃಶ್ಯಗಳಲ್ಲಿ ಗೋಚರಿಸುತ್ತದೆ. ಡಿವಿಡಿಯಲ್ಲಿ ಬಳಸುವ ಎಂಪೆಗ್-2 ಪದ್ಧತಿಯು ಪ್ರತಿಯೊಂದು ಚೌಕಟ್ಟನ್ನೂ ಪೂರ್ಣವಾಗಿ ಬರೆದಿಡುವುದಿಲ್ಲ; ಹೆಚ್ಚಿನ ಚೌಕಟ್ಟುಗಳಲ್ಲಿ ಹಿಂದಿನದಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ದಾಖಲಿಸುತ್ತದೆ. ಇಬ್ಬರು ಕುಳಿತು ಮಾತನಾಡುವ ದೃಶ್ಯಕ್ಕೆ ಇದು ಧಾರಾಳವಾಗಿ ಸಾಕು. ‘ದ ಟು ಟವರ್ಸ್’ನ ಹೆಲ್ಮ್ಸ್ ಡೀಪ್ ಕೋಟೆಯ ಕಾಳಗವಾದರೋ ರಾತ್ರಿಯಲ್ಲಿ, ಸುರಿಯುವ ಮಳೆಯಲ್ಲಿ, ಸಾವಿರಾರು ಸೈನಿಕರ ನಡುವೆ ನಡೆಯುತ್ತದೆ. ಅಲ್ಲಿ ಪ್ರತಿ ಹನಿಯೂ ಪ್ರತಿ ಈಟಿಯೂ ಚೌಕಟ್ಟಿನಿಂದ ಚೌಕಟ್ಟಿಗೆ ಸ್ಥಾನ ಬದಲಿಸುವುದರಿಂದ ಬಿಟ್‌ಗಳ ಬೇಡಿಕೆ ಏಕಾಏಕಿ ಏರುತ್ತದೆ. ಕೊರತೆಯಾದರೆ ಕತ್ತಲ ಭಾಗಗಳು ಚೌಕಚೌಕವಾಗಿ ಒಡೆದು ಕಾಣುತ್ತವೆ.

ಮೊದಲ ಚಿತ್ರದಲ್ಲಿ ತುಂಡು ಮಾಡಿದ ಸ್ಥಳವೂ ಯೋಚಿಸಿ ಆರಿಸಿದ್ದು. ಎಲ್ರಾಂಡ್‌ನ ಸಭೆಯಲ್ಲಿ ಒಂಬತ್ತು ಮಂದಿಯ ತಂಡ ರೂಪುಗೊಂಡೊಡನೆ ಮೊದಲ ಡಿಸ್ಕ್ ಮುಗಿಯುತ್ತದೆ. ನಮ್ಮ ಚಿತ್ರಮಂದಿರಗಳ ಮಧ್ಯಂತರದಂತೆ.

ಪರದೆಯ ಅಳತೆ

ಈ ಚಿತ್ರಗಳ ಅಗಲವು ಎತ್ತರದ ಸುಮಾರು 2.35 ಪಟ್ಟು. 2002ರಲ್ಲಿ ಹೆಚ್ಚಿನ ಮನೆಗಳಲ್ಲಿದ್ದ 4:3 ಅನುಪಾತದ ದೂರದರ್ಶನದಲ್ಲಿ ಚಿತ್ರವು ಪರದೆಯ ಎತ್ತರದ ಶೇ. 57ರಷ್ಟನ್ನು ಮಾತ್ರ ತುಂಬುತ್ತಿತ್ತು. ಇಂದಿನ 16:9 ಪರದೆಯಲ್ಲಿ ಶೇ. 76ರಷ್ಟನ್ನು ತುಂಬುತ್ತದೆ. ಮೇಲೆ ಕೆಳಗೆ ಉಳಿಯುವ ಕಪ್ಪು ಪಟ್ಟಿಗಳನ್ನು ದೋಷವೆಂದು ತಿಳಿದು ರಿಮೋಟ್‌ನಿಂದ ಚಿತ್ರವನ್ನು ಹಿಗ್ಗಿಸಿದರೆ ಎರಡು ಪಕ್ಕಗಳು ಕತ್ತರಿಸಿಹೋಗುತ್ತವೆ. ಈ ಚಿತ್ರಗಳಿಗೆ ಅದರಿಂದಾಗುವ ನಷ್ಟ ಸಣ್ಣದಲ್ಲ. ಹಾಬಿಟ್‌ಗಳನ್ನು ಕುಳ್ಳರನ್ನಾಗಿ ತೋರಿಸಲು ಹಲವೆಡೆ ನಟರನ್ನು ಕ್ಯಾಮೆರಾದಿಂದ ಬೇರೆ ಬೇರೆ ದೂರದಲ್ಲಿ ಕೂರಿಸಿ, ಅಕ್ಕಪಕ್ಕದಲ್ಲಿದ್ದಂತೆ ಭ್ರಮೆ ಹುಟ್ಟಿಸಲಾಗಿದೆ. ಗ್ಯಾಂಡಾಲ್ಫ್ ಮತ್ತು ಫ್ರೋಡೋ ಗಾಡಿಯಲ್ಲಿ ಬರುವ ದೃಶ್ಯದಲ್ಲಿ ಫ್ರೋಡೋ ಪಾತ್ರಧಾರಿ ಇಲೈಜಾ ವುಡ್ ವಾಸ್ತವವಾಗಿ ಬಹಳ ಹಿಂದೆ ಕುಳಿತಿದ್ದಾರೆ. ಚೌಕಟ್ಟು ಪೂರ್ಣವಾಗಿದ್ದಾಗ ಮಾತ್ರ ಆ ಜಾಣ್ಮೆ ಸಾರ್ಥಕವಾಗುತ್ತದೆ.

ಕಾಲ ಮತ್ತು ಶ್ರುತಿ

ಚಲನಚಿತ್ರವು ಸೆಕೆಂಡಿಗೆ 24 ಚೌಕಟ್ಟುಗಳ ವೇಗದಲ್ಲಿ ಚಿತ್ರಿತವಾಗುತ್ತದೆ. ಭಾರತ, ಬ್ರಿಟನ್, ಆಸ್ಟ್ರೇಲಿಯಾ ಮೊದಲಾದ ದೇಶಗಳ ಪಾಲ್ ಪದ್ಧತಿಯ ಡಿವಿಡಿ ಅದನ್ನು ಸೆಕೆಂಡಿಗೆ 25ರಂತೆ ನುಡಿಸುತ್ತದೆ. ಪರಿಣಾಮವಾಗಿ 208 ನಿಮಿಷಗಳ ಚಿತ್ರ ಸುಮಾರು 200 ನಿಮಿಷಗಳಲ್ಲಿ ಮುಗಿಯುತ್ತದೆ. ಇದನ್ನು ಕಂಡು ದೃಶ್ಯಗಳನ್ನು ಕತ್ತರಿಸಿದ್ದಾರೆಂದು ಶಂಕಿಸುವ ಅಗತ್ಯವಿಲ್ಲ. ಧ್ವನಿಯನ್ನು ಸರಿಪಡಿಸದಿದ್ದರೆ ಶ್ರುತಿಯೂ ಅರ್ಧ ಸ್ವರಕ್ಕೆ ಸ್ವಲ್ಪ ಕಡಿಮೆಯಷ್ಟು ಏರುತ್ತದೆ. ಸಂಗೀತದ ಕಿವಿಯುಳ್ಳವರು ಇದನ್ನು ಗುರುತಿಸಬಲ್ಲರು.

ವಲಯ ಸಂಕೇತ ಮತ್ತೊಂದು ತೊಡಕು. ಡಿವಿಡಿಗಳಿಗೆ ಅಮೆರಿಕ 1ನೆಯ ವಲಯ, ಬ್ರಿಟನ್ 2ನೆಯದು, ನ್ಯೂಜಿಲೆಂಡ್ 4ನೆಯದು, ಭಾರತ 5ನೆಯದು. ಅಮೆರಿಕದಲ್ಲಿ ನೆಲೆಸಿದ ಬಂಧುಗಳು ಅಕ್ಕರೆಯಿಂದ ತಂದುಕೊಟ್ಟ ಪೆಟ್ಟಿಗೆಯು ಬೆಂಗಳೂರಿನಲ್ಲಿ ಕೊಂಡ, 5ನೆಯ ವಲಯಕ್ಕೆ ಸೀಮಿತವಾದ ಯಂತ್ರದಲ್ಲಿ ಓಡದಿರುವುದಕ್ಕೆ ಡಿಸ್ಕ್ ಕೆಟ್ಟಿರುವುದು ಕಾರಣವಲ್ಲ. ಸಾಮಾನ್ಯ ಬ್ಲೂ-ರೇ ಡಿಸ್ಕ್‌ಗಳಲ್ಲಿ ಭಾರತ ‘ಸಿ’ ವಲಯಕ್ಕೆ ಸೇರುತ್ತದೆ. 4ಕೆ ಡಿಸ್ಕ್‌ಗಳಿಗೆ ವಲಯದ ಕಟ್ಟುಪಾಡಿಲ್ಲ.

ಅನುಬಂಧಗಳು

ಟೋಲ್ಕಿನ್ ತಮ್ಮ ಕಾದಂಬರಿಯ ಕೊನೆಗೆ ವಂಶಾವಳಿ, ಕಾಲಗಣನೆ, ಭಾಷೆಗಳ ವಿವರಗಳುಳ್ಳ ಅನುಬಂಧಗಳನ್ನು ಜೋಡಿಸಿದ್ದರು. ಡಿವಿಡಿಯ ಪೂರಕ ಡಿಸ್ಕ್‌ಗಳಿಗೂ ಅದೇ ಹೆಸರನ್ನಿಡಲಾಗಿದೆ. ಪೆಟ್ಟಿಗೆಗಳ ಹೊರರೂಪವೂ ಹಳೆಯ ಚರ್ಮದ ಹೊದಿಕೆಯ ಪುಸ್ತಕವನ್ನು ಹೋಲುತ್ತದೆ. ಕಾದಂಬರಿಯನ್ನು ಚಿತ್ರಕಥೆಯಾಗಿಸಿದ ಬಗೆ, ಕವಚ ಮತ್ತು ಆಯುಧಗಳ ತಯಾರಿ, ಕಿರುಮಾದರಿಗಳು, ಕಂಪ್ಯೂಟರ್‌ನಲ್ಲಿ ದಂಡುಗಳನ್ನು ಸೃಷ್ಟಿಸಿದ ‘ಮ್ಯಾಸಿವ್’ ತಂತ್ರಾಂಶ, ಸಂಕಲನ ಎಲ್ಲಕ್ಕೂ ಇಲ್ಲಿ ಪ್ರತ್ಯೇಕ ಸಾಕ್ಷ್ಯಚಿತ್ರಗಳಿವೆ.

ಧ್ವನಿಯ ಭಾಗವಂತೂ ಮನೋಹರವಾಗಿದೆ. ಬಾಲ್ರಾಗ್ ಎಂಬ ಬೆಂಕಿಯ ದೈತ್ಯನ ಗರ್ಜನೆಗೆ ಮರದ ನೆಲದ ಮೇಲೆ ಕಾಂಕ್ರೀಟ್ ಇಟ್ಟಿಗೆಯನ್ನು ಎಳೆದ ಸದ್ದನ್ನು ಬಳಸಲಾಯಿತು. ಕೋಟೆಯ ಮುಂದೆ ನೆರೆದ ರಾಕ್ಷಸ ಸೈನ್ಯದ ಘೋಷವನ್ನು ಧ್ವನಿಮುದ್ರಿಸಿಕೊಂಡದ್ದು ವೆಲ್ಲಿಂಗ್ಟನ್ ನಗರದ ಕ್ರೀಡಾಂಗಣದಲ್ಲಿ. ಕ್ರಿಕೆಟ್ ಪಂದ್ಯ ನೋಡಲು ಬಂದಿದ್ದ ಸಾವಿರಾರು ಪ್ರೇಕ್ಷಕರಿಂದ ಜ್ಯಾಕ್ಸನ್ ಅವರೇ ನಿಂತು ಕೂಗಿಸಿದರು. ಚಲನಚಿತ್ರ ನಿರ್ಮಾಣವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗೆ ಈ ಡಿಸ್ಕ್‌ಗಳು ಪಠ್ಯಪುಸ್ತಕದಷ್ಟೇ ಉಪಯುಕ್ತವಾಗಿವೆ.

ನಂತರದ ಬಿಡುಗಡೆಗಳು

ವಿಸ್ತೃತ ಆವೃತ್ತಿಯ ಬ್ಲೂ-ರೇ 2011ರ ಜೂನ್‌ನಲ್ಲಿ ಬಂದಿತು. 15 ಡಿಸ್ಕ್‌ಗಳ ಆ ಪೆಟ್ಟಿಗೆಯಲ್ಲಿ ಚಿತ್ರಗಳಿಗೆ 6 ಬ್ಲೂ-ರೇ, ಪೂರಕ ಸಾಮಗ್ರಿಗೆ 9 ಡಿವಿಡಿಗಳಿದ್ದವು. ಚಿತ್ರದ ಸ್ಪಷ್ಟತೆ ಬಹಳವಾಗಿ ಹೆಚ್ಚಿದರೂ ಮೊದಲ ಚಿತ್ರದಲ್ಲಿ ಹಿಂದೆಂದೂ ಇಲ್ಲದ ಹಸಿರು ಛಾಯೆ ಕಂಡಿತು. ಹಿಮದ ಬಿಳುಪಿಗೂ ಅದರ ಸೋಂಕು ತಟ್ಟಿದೆಯೆಂದು ವೀಕ್ಷಕರು ಆಕ್ಷೇಪಿಸಿದರು. 2020ರ ಡಿಸೆಂಬರ್‌ನ 4ಕೆ ಡಿಸ್ಕ್‌ಗಳಿಗಾಗಿ ಮೂರೂ ಚಿತ್ರಗಳ ಬಣ್ಣಗಳನ್ನು ಒಂದಕ್ಕೊಂದು ಹೊಂದುವಂತೆ ಮತ್ತೊಮ್ಮೆ ಸಂಸ್ಕರಿಸಲಾಯಿತು. ಚಿತ್ರಮಂದಿರದ ಮತ್ತು ವಿಸ್ತೃತ ಆವೃತ್ತಿಗಳೆರಡೂ ಈ ಪೆಟ್ಟಿಗೆಯಲ್ಲಿವೆ. ಹೀಗೆ ಒಂದೇ ಚಿತ್ರವು ಡಿವಿಡಿ, ಬ್ಲೂ-ರೇ ಮತ್ತು 4ಕೆ ಡಿಸ್ಕ್‌ಗಳಲ್ಲಿ ಮೂರು ಬಗೆಯ ಬಣ್ಣಗಳಲ್ಲಿ ಉಳಿದುಕೊಂಡಿದೆ.

2020ರ ಪೆಟ್ಟಿಗೆಯಲ್ಲಿ ಅನುಬಂಧಗಳನ್ನು ಸೇರಿಸಲಿಲ್ಲ. ಆದಕಾರಣ ಹೊಸ ಡಿಸ್ಕ್‌ಗಳನ್ನು ಕೊಂಡವರೂ ನಿರ್ಮಾಣದ ವಿವರಗಳನ್ನು ನೋಡಬೇಕಾದಾಗ ಹಳೆಯ ಡಿವಿಡಿಗಳನ್ನೇ ತೆರೆಯುತ್ತಾರೆ.